ಮನಿ ತುಂಬೂದೈತಿ

ಕೊರೊನಾ ಹಿಂದೆ ಸರಿದು ಶಾಲೆ ಕಾಲೇಜುಗಳು ಮತ್ತೆ ಭರ್ತಿಯಾದ ವರ್ಷ ಅದು. ನಾನು ಮುದ್ದೇಬಿಹಾಳದಲ್ಲಿ ಬಾಡಿಗೆ ಮನೆ ಕೊಡಿಸುವ ಕೆಲಸ ಮಾಡಿಕೊಂಡಿದ್ದೆ. ಈಗಲೂ ಅದೇ ಕೆಲಸ, ಆದರೆ ಹೆಸರಿಗೆ ಮಾತ್ರ. ಓದಿದ್ದು ಎಸ್ಸೆಸ್ಸೆಲ್ಸಿ. ಮೊದಲು ಕಟ್ಟಡ ಗುತ್ತಿಗೆದಾರರೊಬ್ಬರ ಹತ್ತಿರ ಸೈಟ್ ನೋಡಿಕೊಳ್ಳುತ್ತಿದ್ದೆ. ಮನೆ ಕಟ್ಟಿಸಿದವರು ‘ಬಾಡಗಿಯವರು ಯಾರರ ಇದ್ರ ಹೇಳೋ ಮಲ್ಲಣ್ಣ’ ಎನ್ನುತ್ತಿದ್ದರು. ವರ್ಗವಾಗಿ ಬಂದ ಮಾಸ್ತರರು, ಬ್ಯಾಂಕಿನವರು ‘ಮನಿ ಇದ್ರ ಹೇಳ್ರಿ’ ಎನ್ನುತ್ತಿದ್ದರು. ಈ ಎರಡು ಮಾತುಗಳ ನಡುವೆ ನಿಂತು ನಿಂತೇ ನಾನು ದಲಾಲಿಯಾದೆ. ಈಗ ಇದಕ್ಕೆ ಪ್ರಾಪರ್ಟಿ ಮ್ಯಾನೇಜ್‌ಮೆಂಟ್ ಎನ್ನುತ್ತಾರಂತೆ. ದೂರದಲ್ಲಿರುವ ಮಾಲೀಕರ ಪರವಾಗಿ ಬಾಡಿಗೆದಾರರನ್ನು ಹುಡುಕುವುದು, ಕರಾರುಪತ್ರ ಮಾಡಿಸುವುದು, ನಲ್ಲಿ ಸೋರಿದರೆ ಪ್ಲಂಬರನನ್ನು ಕರೆತರುವುದು, ಅವರು ಬಿಟ್ಟು ಹೋಗುವಾಗ ಕೀಲಿ ಇಸಿದುಕೊಳ್ಳುವುದು. ನಮ್ಮ ಊರಲ್ಲಿ ಇದಕ್ಕೆಲ್ಲ ಒಂದೇ ಹೆಸರು, ದಲಾಲಿ.

ಈ ಕೆಲಸವನ್ನು ನಾನೊಬ್ಬನೇ ಮಾಡಿದ್ದಲ್ಲ. ಅರ್ಧ ಕೆಲಸ ನನ್ನ ಹೆಂಡತಿ ನೀಲವ್ವನದು. ಮನೆ ನೋಡಲು ಹೆಣ್ಣುಮಕ್ಕಳು ಬಂದರೆ ಅವಳೇ ಕೀಲಿ ಹಿಡಿದು ಹೋಗುತ್ತಿದ್ದಳು. ನಾನು ಗೋಡೆ, ಬಾಗಿಲು, ಮೀಟರು ತೋರಿಸುವವನು. ಅವಳು ನೀರಿನ ಕೊಡ ಎಲ್ಲಿಟ್ಟರೆ ಕಾಲಿಗೆ ಅಡ್ಡ ಬರುವುದಿಲ್ಲ, ಸಂಡಿಗೆ ಒಣಗಿಸಲು ಮಾಳಿಗೆಯ ಯಾವ ಮೂಲೆಗೆ ಬಿಸಿಲು ಬೀಳುತ್ತದೆ, ಪಕ್ಕದ ಮನೆಯಾಕೆ ಮಾತಿಗೆ ಹೇಗೆ, ಇದನ್ನೆಲ್ಲ ತೋರಿಸುತ್ತಿದ್ದಳು. ನಾನು ತೋರಿಸಿದ ಮನೆಗೆ ಜನ ‘ವಿಚಾರ ಮಾಡಿ ಹೇಳ್ತೇವಿ’ ಎಂದು ಹೋಗುತ್ತಿದ್ದರು. ಅವಳು ತೋರಿಸಿದ ಮನೆಗೆ ಮುಂದಿನ ಸೋಮವಾರವೇ ಸಾಮಾನು ಬರುತ್ತಿತ್ತು.

ಅವಳಿಗೆ ಒಂದು ಮಾತು ಮಾತ್ರ ಆಗುತ್ತಿರಲಿಲ್ಲ. ನಮ್ಮ ಕಡೆ ಹೆಣ್ಣುಮಕ್ಕಳು ಬಳೆ ಒಡೆದರೆ ಒಡೆಯಿತು ಅನ್ನುವುದಿಲ್ಲ, ‘ಹೆಚ್ಚಾತು’ ಅನ್ನುತ್ತಾರೆ. ದೀಪ ಆರಿಸು ಅನ್ನುವುದಿಲ್ಲ, ‘ದೊಡ್ಡದು ಮಾಡು’ ಅನ್ನುತ್ತಾರೆ. ಹಾಗೆಯೇ ನೀಲವ್ವ ಮನೆಗೆ ‘ಖಾಲಿ’ ಎನ್ನುವ ಮಾತು ಹಚ್ಚಲು ಬಿಡುತ್ತಿರಲಿಲ್ಲ. ಯಾರಾದರೂ ಬಂದು ‘ಅಕ್ಕಾರ, ಮನಿ ಖಾಲಿ ಐತೇನ್ರಿ?’ ಎಂದರೆ, ‘ಖಾಲಿ ಯಾಕಿರತೈತ್ರಿ, ತುಂಬೂದೈತಿ’ ಎನ್ನುತ್ತಿದ್ದಳು. ಗಿರಾಕಿಗಳು ನಗುತ್ತಿದ್ದರು. ನಾನೂ ನಕ್ಕಿದ್ದೇನೆ. ಬರಬರುತ್ತಾ ಫೋನಿನಲ್ಲಿ ನನ್ನ ಬಾಯಿಂದಲೂ ಅದೇ ಮಾತು ಬರತೊಡಗಿತು.

ಅವಳು ತೀರಿಕೊಂಡು ವರ್ಷವಾಗುತ್ತ ಬಂತು. ಬಾಡಿಗೆಗೆಂದು ಮನೆ ಕೊಳ್ಳುವ ಹೊಸಬರು ಇನ್ನೂ ನನಗೆ ಫೋನ್ ಮಾಡಿ ಸಲಹೆ ಕೇಳುತ್ತಾರೆ. ಫೋನಿನಲ್ಲಿ ಹೇಳುವಷ್ಟು ಹೇಳುತ್ತೇನೆ. ಉಳಿದದ್ದು ಫೋನಿನಲ್ಲಿ ಹೇಳುವಂಥದ್ದಲ್ಲ. ಅದಕ್ಕೆ ಒಂದು ಮನೆಯ ವಿಷಯವನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಆ ಮನೆಯ ಮಾಲೀಕರು ಇಂಡಿ ಊರಿನ ಸಂಗಪ್ಪ ಸಾವಕಾರರು. ಲಿಂಬೆಯ ವ್ಯಾಪಾರ. ಹಣ್ಣು ಖರೀದಿಸಿ ಹೊರಗಿನ ಮಾರುಕಟ್ಟೆಗೆ ಲಾರಿ ಹಾಕುವವರು. ಕೊರೊನಾ ಹಿಂದೆ ಸರಿದ ಆ ವರ್ಷವೇ ಪರಿಚಯದವರೊಬ್ಬರು ಅವರನ್ನು ನಮ್ಮ ಮನೆಗೆ ಕಳಿಸಿದ್ದರು. ಬರುವಾಗ ಒಂದು ಚೀಲ ಲಿಂಬೆ ತಂದಿದ್ದರು. ಕಟ್ಟೆಯ ಮೇಲೆ ಕುಳಿತು ನೀಲವ್ವ ಕೊಟ್ಟ ಚಹಾ ಕುಡಿಯುತ್ತ ವಿಷಯ ತೆಗೆದರು.

‘ಮಲ್ಲಣ್ಣಾ, ಲಿಂಬಿ ಗಿಡ ಒಂದ ವರ್ಷ ಕೊಡತೈತಿ, ಒಂದ ವರ್ಷ ಕೈ ಎತ್ತತೈತಿ. ಮನಿ ಹಂಗಲ್ಲ ನೋಡ್ರಿ. ತಿಂಗಳಾತಂದ್ರ ಬಾಡಗಿ ಬರತೈತಿ.’

‘ಮನಿಗೂ ಹುಳ ಹತ್ತತಾವ್ರಿ ಸಾವಕಾರ್ರ’ ಎಂದೆ. ‘ಇರ್ಲಿ, ಇಂಡಿ ಬಿಟ್ಟು ಇಲ್ಲಿಗ್ಯಾಕ ಬಂದ್ರಿ?’

‘ಇಂಡ್ಯಾಗ ಎಲ್ಲಾರೂ ಬೀಗರು, ಇಲ್ಲಂದ್ರ ದೋಸ್ತರು. ಬಾಡಗಿ ಕೇಳಾಕ ಹೋದ್ರ ಚಾ ಕುಡಿಸಿ ಕಳಸ್ತಾರ.’

ಆ ಮಾತಿನಲ್ಲಿ ತಿಳಿವಳಿಕೆ ಇತ್ತು. ಅವರಿಗೆ ನಾನು ಹೇಳಿದ್ದನ್ನು ಹೊಸಬರಿಗೆ ಈಗಲೂ ಹೇಳುತ್ತೇನೆ. ಮನೆ ಚಂದ ನೋಡಿ ಕೊಳ್ಳಬೇಡಿ, ಆ ಓಣಿಯಲ್ಲಿ ಬಾಡಿಗೆಗೆ ಇರುವವರು ಯಾರು ಎಂದು ನೋಡಿ ಕೊಳ್ಳಿ. ಮುದ್ದೇಬಿಹಾಳದಲ್ಲಿ ಕಾಲೇಜುಗಳಿವೆ, ಕಚೇರಿಗಳಿವೆ, ಕೃಷಿ ಮಾರುಕಟ್ಟೆಯ ಅಂಗಳವಿದೆ. ಅಲ್ಲಿಗೆ ನಡೆದು ಹೋಗುವಷ್ಟು ಹತ್ತಿರದ ಮನೆ ಹಳೆಯದಾದರೂ ನಿಲ್ಲುತ್ತದೆ. ಊರ ಹೊರಗಿನ ಹೊಸ ಲೇಔಟಿನ ಮನೆ ಫೋಟೋದಲ್ಲಿ ಚಂದ ಕಾಣುತ್ತದೆ. ಮನೆಯನ್ನು ಬೇಸಿಗೆಯಲ್ಲಿ ನೋಡಿ, ಮಾಲೀಕರನ್ನು ಬಿಟ್ಟು ಪಕ್ಕದ ಮನೆಯ ಹೆಣ್ಣುಮಗಳನ್ನು ನೀರಿನ ವಿಷಯ ಕೇಳಿ. ಪ್ರತಿ ಮನೆಗೂ ಬೇರೆ ಕರೆಂಟ್ ಮೀಟರು ಇರಲಿ. ಒಂದೇ ಮೀಟರಿದ್ದರೆ ಫ್ಯಾನು ಯಾರದು, ಫ್ರಿಜ್ಜು ಯಾರದು ಎಂಬ ಜಗಳ ತಿಂಗಳಿಗೊಮ್ಮೆ ನಿಮ್ಮ ಬಾಗಿಲಿಗೆ ಬರುತ್ತದೆ. ಬಾಡಿಗೆ ಹನ್ನೆರಡು ತಿಂಗಳೂ ಬರುತ್ತದೆಂದು ನಂಬಿ ಸಾಲದ ಕಂತು ಕಟ್ಟಿಕೊಳ್ಳಬೇಡಿ. ಮನೆ ನಡುವೆ ಒಂದೆರಡು ತಿಂಗಳು ಬೀಗ ಹಾಕಿರುವುದು ಇದ್ದದ್ದೇ. ಕರಾರು ಹನ್ನೊಂದು ತಿಂಗಳದ್ದು ಮಾಡಿಸುವುದು ರೂಢಿ, ಅದನ್ನು ಪ್ರತಿ ಸಲ ಹೊಸದು ಮಾಡಿಸಿ. ಬಾಡಿಗೆಗೆ ಬರುವವರ ಕೆಲಸ ಕೇಳುವಾಗ ಮನೆಯಲ್ಲಿ ಯಾರು ಯಾರಿದ್ದಾರೆ ಎಂದೂ ಕೇಳಿ, ಕೇಳಿದ ಮೇಲೆ ಅವರನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.

ಸಂಗಪ್ಪನವರು ಎಲ್ಲ ಕೇಳಿದರು. ಕಾಲೇಜಿನ ಹಿಂದಿನ ಓಣಿಯಲ್ಲಿ ನಾಲ್ಕು ಸಂಸಾರ ಇರಬಹುದಾದ ಒಂದು ಮನೆ ಕೊಂಡರು. ಸ್ವಲ್ಪ ತೋಟ ಮಾರಿದ್ದರು, ಸ್ವಲ್ಪ ಬ್ಯಾಂಕಿನ ಸಾಲ. ಮುಂದಿನ ಭಾಗಕ್ಕೆ ಬ್ಯಾಂಕಿನ ಗುಮಾಸ್ತರ ಸಂಸಾರ ಬಂತು. ಮಾಳಿಗೆಯ ಎರಡು ಭಾಗಕ್ಕೆ ಕಾಲೇಜಿನ ಹುಡುಗಿಯರು. ಹಿಂದಿನ ಸಣ್ಣ ಭಾಗವನ್ನು ನೀಲವ್ವ ಸರೋಜಾ ಎನ್ನುವವಳಿಗೆ ತೋರಿಸಿದಳು. ಸರೋಜಾ ಸಿಂದಗಿ ಕಡೆಯವಳು, ತಾಲ್ಲೂಕು ಕಚೇರಿಯಲ್ಲಿ ಕಂಪ್ಯೂಟರ್ ಆಪರೇಟರ್. ಗಂಡನನ್ನು ಬಿಟ್ಟು ಬಂದು ತಾಯಿಯನ್ನು ಕಟ್ಟಿಕೊಂಡಿದ್ದಳು. ತಾಯಿ ತಿಪ್ಪವ್ವ. ಹಳ್ಳಿಯಲ್ಲಿದ್ದ ಮಣ್ಣಿನ ಮನೆ ಒಂದು ಮಳೆಗಾಲದಲ್ಲಿ ಕುಸಿದ ಮೇಲೆ ಅವರಿಬ್ಬರಿಗೂ ತಮ್ಮದು ಎನ್ನುವ ಮನೆ ಎಲ್ಲೂ ಇರಲಿಲ್ಲ.

ಮನೆ ನೋಡಲು ಬಂದ ದಿನವೇ ತಿಪ್ಪವ್ವ ನೀಲವ್ವನ ಕೈಗೆ ಸಿಕ್ಕಿಬಿದ್ದಳು.

‘ಎಷ್ಟು ದಿನದಿಂದ ಖಾಲಿ ಬಿದ್ದೈತವ್ವಾ ಇದು?’

‘ಖಾಲಿ ಅನಬ್ಯಾಡ್ರಿ ಆಯಿ. ತುಂಬೂದೈತಿ.’

‘ಅಯ್ಯ, ಅಂದ್ರೇನಾತು? ನನ್ನ ಬಾಯಾಗೂ ಹಲ್ಲು ತುಂಬೂದಾವು’ ಎಂದು ತಿಪ್ಪವ್ವ ಬಾಯಿ ತೆರೆದು ತೋರಿಸಿದಳು. ಇಬ್ಬರೂ ಅಲ್ಲೇ ಅಡುಗೆಮನೆಯಲ್ಲಿ ಕುಳಿತು ನಕ್ಕರು. ಅಂದಿನಿಂದ ಅವರದು ದೋಸ್ತಿ. ನೀಲವ್ವ ಸಂತೆಗೆ ಹೋದರೆ ಆ ಓಣಿಯನ್ನು ಸುತ್ತಿಯೇ ಬರುತ್ತಿದ್ದಳು.

ಎರಡು ವರ್ಷ ಆ ಮನೆಯಿಂದ ನನಗೆ ಒಂದು ತಕರಾರೂ ಬರಲಿಲ್ಲ. ಮೂರನೆಯ ವರ್ಷ ತಿಪ್ಪವ್ವನ ಎರಡೂ ಕಿಡ್ನಿ ಕೆಟ್ಟವು. ಸರೋಜಾ ಅವಳನ್ನು ಬಿಜಾಪುರಕ್ಕೆ ಒಯ್ದಳು, ಮತ್ತೆ ಮತ್ತೆ ಒಯ್ದಳು. ಕೊನೆಗೆ ಡಾಕ್ಟರು, ವಯಸ್ಸಾಗಿದೆ, ದೇಹ ತಡೆಯುವುದಿಲ್ಲ, ಮನೆಗೆ ಕರೆದುಕೊಂಡು ಹೋಗಿ ಬೇಕಾದ್ದು ತಿನ್ನಿಸಿ ಎಂದರು. ನಾನೂ ನೀಲವ್ವನೂ ನೋಡಲು ಹೋದಾಗ ಮುದುಕಿ ಹಾಸಿಗೆಯಲ್ಲಿ ಊದಿಕೊಂಡು ಮಲಗಿತ್ತು. ನನ್ನನ್ನು ಕಂಡು ಕಣ್ಣು ತೆರೆಯಿತು.

‘ದಲಾಲಿ ಬಂದ್ರೇನು? ಮ್ಯಾಲಿನ ಮನಿ ಖಾಲಿ ಐತೇನ ನೋಡ್ರಿ, ನನಗೊಂದು.’

‘ಆಯಿ, ಮತ್ತ ಅದಽ ಮಾತು?’ ಎಂದು ನೀಲವ್ವ ಗದರಿದಳು.

‘ಮರತೆನವ್ವಾ. ತುಂಬೂದೈತೇನ ಕೇಳು.’

ಆ ವಾರವೇ ಸಂಗಪ್ಪನವರು ಇಂಡಿಯಿಂದ ಬಂದರು. ಬ್ಯಾಂಕಿನ ಗುಮಾಸ್ತರು ಅವರಿಗೆ ಫೋನ್ ಮಾಡಿದ್ದರಂತೆ.

ಹೊರಗಿನವರಿಗೆ ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮಲ್ಲಿ ಯಾರಾದರೂ ಸತ್ತರೆ ಸತ್ತ ಹೊತ್ತಿನ ನಕ್ಷತ್ರ ಯಾವುದು ಎಂದು ಪಂಚಾಂಗ ನೋಡುವ ಅಯ್ಯನವರನ್ನು ಕೇಳುತ್ತಾರೆ. ಕೆಲವು ನಕ್ಷತ್ರಗಳಲ್ಲಿ ಸಾವಾದರೆ ಆ ಮನೆಗೆ ಬೀಗ ಹಾಕಿ ತಿಂಗಳುಗಟ್ಟಲೆ ಬಿಡಬೇಕು. ಇಲ್ಲದಿದ್ದರೆ ಅದೇ ಮನೆಯಲ್ಲಿ ಮತ್ತೊಂದು ಸಾವಾಗುತ್ತದೆ ಎಂದು ನಂಬಿಕೆ. ಇದಕ್ಕೆ ಮನೆ ಬಿಡುವುದು ಎನ್ನುತ್ತಾರೆ. ಸ್ವಂತ ಮನೆಯವರು ಅಣ್ಣತಮ್ಮಂದಿರ ಮನೆಗೋ ಹೊಲದ ಗುಡಿಸಲಿಗೋ ಹೋಗಿ ಇರುತ್ತಾರೆ. ಆದರೆ ನಾಲ್ಕು ಸಂಸಾರದ ಬಾಡಿಗೆ ಮನೆಯಲ್ಲಿ ಹೀಗಾದರೆ ನಾಲ್ವರೂ ಹೋಗುತ್ತಾರೆ, ಅವಧಿ ಮುಗಿದ ಮೇಲೂ ಆ ಮನೆಗೆ ಹೆಸರು ಅಂಟಿಕೊಂಡಿರುತ್ತದೆ. ಹೊಸ ಮಾಲೀಕರಿಗೆ ಕೊಡುವ ಸಲಹೆಗಳಲ್ಲಿ ಇದನ್ನು ಯಾರೂ ಹೇಳುವುದಿಲ್ಲ, ಹೇಳಿದರೆ ಅಪಶಕುನ.

ಸಂಗಪ್ಪನವರು ಅವತ್ತು ಚಹಾ ಬೇಡ ಎಂದರು.

‘ಬ್ಯಾಂಕಿನವ್ರು ಬಿಡ್ತೇನಿ ಅನ್ನಾಕತ್ತಾರ. ಹುಡಿಗ್ಯಾರ ತಂದಿತಾಯಿ ಫೋನ್ ಮಾಡ್ಯಾರ. ನೀವರ ಹೇಳ್ರಿ ಆ ಸರೋಜಾಗ. ಬಿಡಸ್ರಿ ಅನ್ನಾಂಗಿಲ್ಲ ನಾ. ಮುದಿಕಿ ಜೀವ ಹೋಗೂ ಹೊತ್ತಿಗೆ ದವಾಖಾನ್ಯಾಗ ಇರ್ಲಿ. ಅಷ್ಟ.’

‘ಸಾವಕಾರ್ರ, ಹುಷಾರಿಲ್ಲದವರನ್ನ ಹೊರಗ ಹಾಕಾಕ ಕರಾರಿನ್ಯಾಗ ಎಲ್ಲೂ ಬರದಿಲ್ಲ.’

‘ಕಾಯ್ದೆ ಕೇಳಾಕ ಬಂದಿಲ್ರಿ’ ಎಂದರು. ಆಮೇಲೆ ದನಿ ಇಳಿಯಿತು. ‘ನಮ್ಮವ್ವ ಹೋದಾಗ ನಕ್ಷತ್ರ ಕೆಟ್ಟಿತ್ತು. ಮನಿ ಬಿಟ್ಟು ಲಿಂಬಿ ತ್ವಾಟದಾಗ ಛಪ್ಪರ ಹಾಕ್ಕೊಂಡಿದ್ವಿ. ನಾ ಸಣ್ಣಾವ. ಅಲ್ಲೇ ನನ್ನ ತಮ್ಮಗ ಹಾವು ಕಡೀತು. ಒಂದ ವರ್ಷದಾಗ ಎರಡ ಸಾವು. ನೀವು ನಂಬ್ರಿ, ಬಿಡ್ರಿ. ನಾ ಕಣ್ಣಿಲೆ ನೋಡೇನಿ.’

ಆ ಮನುಷ್ಯ ಕೆಟ್ಟವನಲ್ಲ. ಹೆದರಿದವನು. ನನ್ನ ಕೆಲಸ ಮಾಲೀಕರ ಮಾತನ್ನು ಬಾಡಿಗೆದಾರರಿಗೆ ಮುಟ್ಟಿಸುವುದು. ಹೋಗಿ ಮುಟ್ಟಿಸಿದೆ. ಸರೋಜಾ ಬಟ್ಟೆ ಹಿಂಡುತ್ತಿದ್ದವಳು ಕೈ ಒರೆಸಿಕೊಂಡು ನನ್ನ ಮುಖ ನೋಡಿದಳು.

‘ಕಾಕಾ, ದವಾಖಾನಿಯವ್ರು ಮನಿಗೆ ಒಯ್ರಿ ಅಂದ್ರು. ನೀವು ದವಾಖಾನಿಗೆ ಒಯ್ರಿ ಅಂತೀರಿ. ನಡುವ ದಾರ್ಯಾಗ ಕುಂದರ್ಲೇನು ನಾ?’

ಮನೆಗೆ ಬಂದು ನೀಲವ್ವನಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುತ್ತಿದ್ದಳು. ಬಡಿಯುವುದನ್ನು ನಿಲ್ಲಿಸಲಿಲ್ಲ. ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ, ‘ದೇವರ ಕ್ವಾಣಿ ಬಾಜೂ ನಮ್ಮ ಶೋಭಾನ ಕ್ವಾಣಿ ತುಂಬೂದೈತಲ್ಲ’ ಎಂದಳು.

ಶೋಭಾ ನಮ್ಮ ಒಬ್ಬಳೇ ಮಗಳು. ಬಸವನ ಬಾಗೇವಾಡಿಗೆ ಮದುವೆ ಮಾಡಿ ಕೊಟ್ಟಿದ್ದೆವು. ಅವಳ ಕೋಣೆಯಲ್ಲಿ ಗೋಧಿಯ ಡಬ್ಬಿ, ಹಳೆಯ ಹಾಸಿಗೆ ಇದ್ದವು.

‘ನಕ್ಷತ್ರ ಕೆಟ್ಟರ?’ ಎಂದೆ.

‘ಕೆಟ್ಟರ ನಮ್ಮ ಮನಿಗೆ ಕೆಡತೈತಿ. ನಾಕ ಮಂದಿ ಬಾಡಗಿಯವ್ರು ಹೋಗೂದಿಲ್ಲ, ಸಾವಕಾರ್ರ ಕಂತು ತಪ್ಪೂದಿಲ್ಲ. ಇಲ್ಲೆ ನಾವಿಬ್ಬರ ಇರಾವ್ರು. ಏಳ್ರಿ, ಗಾಡಿ ತರ್ರಿ.’

ಗೂಡ್ಸ್ ಆಟೋದಲ್ಲಿ ಹಾಸಿಗೆ ಹಾಸಿ ತಿಪ್ಪವ್ವನನ್ನು ತಂದೆವು. ಸರೋಜಾ ತಲೆ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಓಣಿಯವರು ಬಾಗಿಲಲ್ಲಿ ನಿಂತು ನೋಡಿದರು. ನಾವು ಮುದುಕಿಯನ್ನು ಒಳಗೆ ತರುವಾಗ ಅಡುಗೆಮನೆಯಿಂದ ಹಾಲು ಸೀದ ವಾಸನೆ ಬಂತು. ಹೊಸ ಮನೆಗೆ ಬಂದವರು ಒಲೆ ಹೊತ್ತಿಸಿ ಹಾಲು ಉಕ್ಕಿಸುತ್ತಾರಲ್ಲ, ನೀಲವ್ವ ಹಾಗೆ ಉಕ್ಕಿಸುತ್ತಿದ್ದಳು.

‘ಹುಚ್ಚಿ, ಸಾಯಾಕ ಬಂದಾಕಿಗೆ ಹಾಲು ಉಕ್ಕಸ್ತಿಯೇನು?’ ಎಂದಳು ತಿಪ್ಪವ್ವ.

‘ಮನಿಗೆ ಬಂದಾಕಿಗೆ ಉಕ್ಕಸ್ತೇನಿ. ಮುಂದಿಂದು ನಿನಗ ಬಿಟ್ಟದ್ದು.’

ತಿಪ್ಪವ್ವ ನಮ್ಮ ಮನೆಯಲ್ಲಿ ಒಂದು ವಾರದ ಮೇಲೆ ಸ್ವಲ್ಪ ದಿನ ಇದ್ದಳು. ಹೆಚ್ಚು ಹೊತ್ತು ನಿದ್ದೆ. ಎಚ್ಚರವಾದಾಗ ಮೆಣಸಿನಕಾಯಿ ಭಜಿ ಬೇಡುತ್ತಿದ್ದಳು. ಒಂದು ಮುಂಜಾನೆ ನೀಲವ್ವ ಅವಳ ತಲೆ ಬಾಚುತ್ತಿದ್ದಾಗ, ಹಣಿಗೆ ಅರ್ಧ ಕೂದಲಿನಲ್ಲಿರುವಾಗಲೇ ಜೀವ ಹೋಯಿತು. ಸರೋಜಾ ಪಕ್ಕದಲ್ಲಿದ್ದಳು. ಇಂಥ ಸಾವು ನಾನು ಹೆಚ್ಚು ನೋಡಿಲ್ಲ. ಯಾರೂ ಯಾರನ್ನೂ ಕರೆಯುತ್ತ ಓಡಲಿಲ್ಲ.

ಅಯ್ಯನವರು ಪಂಚಾಂಗ ನೋಡಿದರು. ಮತ್ತೊಮ್ಮೆ ನೋಡಿದರು. ಕೆಟ್ಟ ನಕ್ಷತ್ರಗಳ ಹೊತ್ತಾದ ಪಂಚಕದಲ್ಲಿ ಹೋಗಿದ್ದಾಳೆ, ಮೂರು ತಿಂಗಳು ಮನೆ ಬಿಡಬೇಕು ಎಂದರು.

ಆಗ ನಾನು ನನಗಾಗಿ ಬಾಡಿಗೆ ಮನೆ ಹುಡುಕಲು ಹೊರಟೆ. ಅಷ್ಟು ವರ್ಷ ಊರಿಗೆಲ್ಲ ಮನೆ ಕೊಡಿಸಿದವನು. ಯಾವ ಓಣಿಯಲ್ಲಿ ಯಾವ ಬಾಗಿಲಿಗೆ ಬೀಗ ಬಿದ್ದಿದೆ ಎಂದು ನನಗಿಂತ ಚೆನ್ನಾಗಿ ಬಲ್ಲವರು ಇರಲಿಲ್ಲ. ಮೊದಲ ಮನೆಯವರು ಬಣ್ಣ ಹಚ್ಚಿಸುವುದಿದೆ ಎಂದರು. ಎರಡನೆಯವರು ಮಗ ಬರುತ್ತಾನೆ ಎಂದರು, ಅವರಿಗೆ ಮಗನಿರಲಿಲ್ಲ. ಮೂರನೆಯವರು ನೇರವಾಗಿ ಹೇಳಿದರು, ‘ಮಲ್ಲಣ್ಣ, ತಪ್ಪ ತಿಳ್ಕೋಬ್ಯಾಡ್ರಿ. ಅದನ್ನ ಬೆನ್ನಿಗೆ ಕಟಗೊಂಡು ನಮ್ಮ ಮನಿಗೆ ಬರ್ತೀರಿ.’ ನಾನು ತಪ್ಪು ತಿಳಿಯಲಿಲ್ಲ. ಬಾಡಿಗೆದಾರನಾಗಿ ಒಂದು ಬಾಗಿಲ ಮುಂದೆ ನಿಲ್ಲುವುದು ಹೇಗಿರುತ್ತದೆ ಎಂದು ಮಾತ್ರ ಅವತ್ತು ತಿಳಿಯಿತು. ಕಾಲಲ್ಲಿಯ ಚಪ್ಪಲಿ ಬಿಡಬೇಕೋ ಬಿಡಬಾರದೋ ಅನ್ನುವುದೇ ತೋಚುವುದಿಲ್ಲ.

ಕೊನೆಗೆ ಸಂಗಪ್ಪನವರಿಗೆ ಫೋನ್ ಮಾಡಿದೆ. ತಾಯಿಯನ್ನು ಕಳೆದುಕೊಂಡ ಸರೋಜಾ ಸಿಂದಗಿಗೆ ವರ್ಗ ಮಾಡಿಸಿಕೊಂಡು ಹೋಗಿದ್ದಳು. ಸಂಗಪ್ಪನವರ ಮನೆಯ ಹಿಂದಿನ ಭಾಗಕ್ಕೆ ಬೀಗ ಬಿದ್ದಿತ್ತು.

‘ಸಾವಕಾರ್ರ, ಮೂರ ತಿಂಗಳಷ್ಟ. ಬಾಡಗಿ ಕೊಟ್ಟ ಇರ್ತೇವ್ರಿ.’

ಆ ಕಡೆಯಿಂದ ಲಾರಿಗೆ ಚೀಲ ಎತ್ತುವ ಹಮಾಲರ ಕೂಗು ಕೇಳುತ್ತಿತ್ತು.

‘ಮಲ್ಲಣ್ಣಾ, ಬ್ಯಾರೆ ಏನರ ಕೇಳ್ರಿ’ ಎಂದರು.

ನೀಲವ್ವ ಎಲ್ಲ ಕೇಳಿಸಿಕೊಂಡಿದ್ದಳು. ಕಟ್ಟಿಟ್ಟಿದ್ದ ಹಾಸಿಗೆ ಬಿಚ್ಚಿದಳು. ‘ಬಿಡ್ರಿ. ಇಲ್ಲೇ ಇರೂಣು. ಆಯಿ ನಮಗ್ಯಾಕ ಕೆಟ್ಟದ್ದು ಮಾಡ್ಯಾಳು? ಹಾಲು ಕುಡದು ಹೋಗ್ಯಾಳ’ ಎಂದಳು. ಅಯ್ಯನವರು ಹೇಳಿದ ಶಾಂತಿ ಮಾಡಿಸಿ ಅದೇ ಮನೆಯಲ್ಲಿ ಉಳಿದೆವು.

ಸಂಗಪ್ಪನವರ ಮನೆಯ ಮುಂದಿನ ಕಥೆಯನ್ನೂ ಹೇಳಬೇಕು. ಕೆಲವು ತಿಂಗಳ ನಂತರ ಬ್ಯಾಂಕಿನ ಗುಮಾಸ್ತರ ತಂದೆ, ಮಗನನ್ನು ನೋಡಲು ಬಂದ ಗಟ್ಟಿ ಆಳು, ಸ್ನಾನ ಮಾಡಿ ಹೊರಬರುತ್ತ ಕುಸಿದು ಅಲ್ಲೇ ತೀರಿಕೊಂಡರು. ಯಾರನ್ನು ಯಾವ ದವಾಖಾನೆಗೆ ಒಯ್ಯಲೂ ಸಮಯವಿರಲಿಲ್ಲ. ನಕ್ಷತ್ರ ಚೆನ್ನಾಗಿತ್ತಂತೆ. ಯಾರೂ ಮನೆ ಬಿಡಲಿಲ್ಲ.

ಆದರೆ ನಮ್ಮ ಕೆಲಸ ಕಡಿಮೆಯಾಯಿತು. ಹೆಣ್ಣುಮಕ್ಕಳು ನೀಲವ್ವನ ಕೈಯಿಂದ ಕೀಲಿ ಇಸಿದುಕೊಳ್ಳಲು ಹಿಂದೆಮುಂದೆ ನೋಡುತ್ತಿದ್ದರು. ಅವಳಿಗೆ ಅದು ತಿಳಿಯುತ್ತಿತ್ತು. ಕೀಲಿಯನ್ನು ಕಿಟಕಿಯಲ್ಲಿಟ್ಟು ‘ತಗೊಳ್ರಿ’ ಎನ್ನುತ್ತಿದ್ದಳು. ಮರುವರ್ಷ ಅವಳಿಗೆ ಹೊಟ್ಟೆನೋವು ಶುರುವಾಯಿತು. ಊರಲ್ಲಿ ಗುಳಿಗೆ ಕೊಟ್ಟರು. ಬಿಜಾಪುರದಲ್ಲಿ ಪರೀಕ್ಷೆ ಮಾಡಿಸುವ ಹೊತ್ತಿಗೆ ಗಡ್ಡೆ ಬಹಳ ದೂರ ಹಬ್ಬಿತ್ತು. ‘ಹೇಳಿದ್ವಿಲ್ಲೋ’ ಎಂದು ನನ್ನ ಎದುರಿಗೆ ಯಾರೂ ಹೇಳಲಿಲ್ಲ. ಹೇಳಿದ್ದರೆ ಒಂದು ಉತ್ತರವನ್ನಾದರೂ ಕೊಡುತ್ತಿದ್ದೆ. ಇದಕ್ಕೂ ತಿಪ್ಪವ್ವನಿಗೂ ಸಂಬಂಧವಿಲ್ಲ ಎಂದು ಡಾಕ್ಟರು ಹೇಳಿದರು, ಗಡ್ಡೆ ಅದಕ್ಕೂ ಮೊದಲೇ ಇತ್ತಂತೆ. ನನಗೆ ಅದು ಗೊತ್ತು. ಗೊತ್ತಿದ್ದರೂ ಈ ಮನೆಯಲ್ಲಿ ಒಬ್ಬನೇ ಕುಳಿತಾಗ, ನಕ್ಷತ್ರಕ್ಕೆ ಯಾಕೆ ಹೆದರಲಿಲ್ಲ ನಾವು ಎನ್ನುವ ಪ್ರಶ್ನೆ ಬರುತ್ತದೆ. ಬಂದು ಎದುರಿಗೆ ಕೂರುತ್ತದೆ.

ಬಿಜಾಪುರದ ದವಾಖಾನೆಯಲ್ಲಿ ಅವಳು ಕೇಳಿದ್ದು ಒಂದೇ. ‘ಮನಿಗೆ ನಡೀರಿ.’ ಇನ್ನೊಂದು ಔಷಧ ನೋಡೋಣ ಎಂದರು, ಇನ್ನೊಂದು ಸ್ಕ್ಯಾನ್ ಎಂದರು. ನಾನು ಹೂಂ ಎನ್ನುತ್ತ ಹೋದೆ, ಯಾಕೆಂದರೆ ಮನೆಗೆ ಒಯ್ಯುವುದೆಂದರೆ ಏನು ಎಂದು ನನಗೆ ಗೊತ್ತಿತ್ತು. ಕೊನೆಗೆ ಅವರೇ ಒಯ್ಯಿರಿ ಎಂದ ದಿನ ಆಂಬುಲೆನ್ಸಿನಲ್ಲಿ ಹೊರಟೆವು. ಮಧ್ಯಾಹ್ನದ ಬಿಸಿಲು. ನಾನು ಅವಳ ಕೈ ಹಿಡಿದು ಕುಳಿತಿದ್ದೆ.

‘ಎಲ್ಲಿಗೆ ಬಂದ್ವಿ?’

‘ಬಾಗೇವಾಡಿ ದಾಟೇವಿ.’

‘ಹಂಗಾದ್ರ ಬಂತ ತಗೋ’ ಎಂದಳು. ಕಣ್ಣು ಮುಚ್ಚಿದಳು. ನಾನು ಮಲಗಿದ್ದಾಳೆ ಎಂದುಕೊಂಡೆ. ಮುದ್ದೇಬಿಹಾಳದ ಮನೆಗಳು ಕಾಣತೊಡಗಿದಾಗ ‘ನೋಡು, ಊರು ಬಂತು’ ಎಂದು ಕೈ ಅಲುಗಿಸಿದೆ. ಕೈ ತಣ್ಣಗಾಗಿತ್ತು.

ಡ್ರೈವರ್ ಫೋನಿನಲ್ಲಿ ಸುದ್ದಿ ಮುಟ್ಟಿಸಿದ್ದ, ನಾವು ಹೋಗುವಷ್ಟರಲ್ಲಿ ಮನೆಯ ಮುಂದೆ ಜನ ಸೇರಿದ್ದರು. ಕಟ್ಟೆಯ ಮೇಲೆ ಆಗಲೇ ಚಾಪೆ ಹಾಸಿತ್ತು. ಹಾಸಿದವನು ನೀಲವ್ವನ ಅಣ್ಣ.

‘ಒಳಗ ತರೂಣು’ ಎಂದೆ.

‘ಹೊರಗ ಹೋದ ಜೀವ ಮಲ್ಲಣ್ಣ. ಒಳಗ ತರಬಾರ್ದು.’

‘ಆಕಿ ಮನಿ ಅದು.’

‘ಹೌದಪಾ, ಆಕಿ ಮನಿನ. ಖರೆ ಶೋಭಾ ಬಸರಿ ಅದಾಳ. ನಾಳೆ ಬಾಣಂತನಕ್ಕ ಈ ಮನಿಗೆ ಬರಬೇಕಲ್ಲ? ಮೊದಲಽ ಒಂದು ಆಗೇತಿ ಈ ಮನ್ಯಾಗ. ಮಗಳನ್ನರ ನೋಡು.’

ಶೋಭಾ ಅಂಗಳದಲ್ಲಿ ಹೊಟ್ಟೆಯ ಮೇಲೆ ಕೈಯಿಟ್ಟು ಅಳುತ್ತಿದ್ದಳು. ನಾನು ಅವಳನ್ನು ನೋಡಿದೆ. ಆಂಬುಲೆನ್ಸಿನ ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದೆ. ನೀಲವ್ವನನ್ನು ಕಟ್ಟೆಯ ಮೇಲೆ ಮಲಗಿಸಿದರು. ಹೊಸ್ತಿಲು ಅವಳ ತಲೆಯ ಹತ್ತಿರವೇ ಇತ್ತು. ಕೈ ಚಾಚಿದ್ದರೆ ಮುಟ್ಟುವಷ್ಟು.

ಸಿಂದಗಿಯಿಂದ ಸರೋಜಾ ಬಂದಳು. ‘ನಮ್ಮವ್ವನ್ನ ಒಳಗ ಕರಕೊಂಡಾಕಿ ಈಕಿ. ಈಕಿನ್ನ ಹೊರಗ ಮಲಗಿಸೀರಲ್ರಿ’ ಎಂದು ಎಲ್ಲರ ಎದುರು ಕೇಳಿದಳು. ಅವಳು ಒಬ್ಬಳೇ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಬಾಗಿಲಿನಿಂದ ಹಾಲು ಸೀದ ವಾಸನೆ ಬಂತು. ಸಾವಿನ ಮನೆಯಲ್ಲಿ ಒಲೆ ಹೊತ್ತಿಸಿದ್ದು ಯಾರು ಎಂದು ಹೆಂಗಸರು ಸಿಡುಕಿದರು. ಅದು ಯಾರಿಗಾಗಿ ಉಕ್ಕಿದ್ದು ಎಂದು ಸರೋಜಾಗೆ ಮತ್ತು ನನಗೆ ಮಾತ್ರ ಗೊತ್ತಿತ್ತು.

ಸಂಗಪ್ಪನವರೂ ಬಂದಿದ್ದರು. ಕಟ್ಟೆಯ ಕೆಳಗೆ ಚಪ್ಪಲಿ ಬಿಟ್ಟು ನಿಂತು, ‘ನಾ ಅವತ್ತು ಕೀಲಿ ಕೊಡಬೇಕಿತ್ತು’ ಎಂದರು. ನಾನು ‘ಇರ್ಲಿ ಬಿಡ್ರಿ’ ಎಂದೆ.

ಶೋಭಾ ಬಾಣಂತನಕ್ಕೆ ಬರಲಿಲ್ಲ. ಬೀಗರು ಆ ಮನೆಗೆ ಕಳಿಸಲು ಒಪ್ಪಲಿಲ್ಲ. ಯಾರ ಸಲುವಾಗಿ ನೀಲವ್ವನನ್ನು ಹೊರಗೆ ಮಲಗಿಸಿದೆವೋ ಅವಳ ಕೂಸು ಬಾಗೇವಾಡಿಯಲ್ಲೇ ಹುಟ್ಟಿತು. ನಾನು ಅಲ್ಲಿಗೇ ಹೋಗಿ ನೋಡಿ ಬಂದೆ. ಹೆಣ್ಣು ಕೂಸು.

ಬಾಡಿಗೆಗೆ ಮನೆ ಕೊಳ್ಳುವ ಹೊಸಬರಿಗೆ ನೀರು, ಮೀಟರು, ಕರಾರು, ಕಂತು ಎಲ್ಲವನ್ನೂ ಹೇಳಿದ ಮೇಲೆ ಈಗ ಒಂದು ಮಾತು ಕೇಳುತ್ತೇನೆ. ನಿಮ್ಮ ಮನೆಯಲ್ಲಿ ಬಾಡಿಗೆಗಿರುವವರಲ್ಲಿ ಯಾರಾದರೊಬ್ಬರು ಒಂದಲ್ಲ ಒಂದು ದಿನ ಅಲ್ಲೇ ಸಾಯುತ್ತಾರೆ. ಬೀಗದ ಕೈ ಕೊಟ್ಟ ಮೇಲೆ ಅಲ್ಲಿ ಮದುವೆ, ಬಸಿರು, ಜ್ವರ, ಸಾವು ಎಲ್ಲ ನಡೆಯುತ್ತವೆ. ಅಂಥ ಹೊತ್ತಿನಲ್ಲಿ ಅವರನ್ನು ಒಳಗೆ ಇಟ್ಟುಕೊಳ್ಳುತ್ತೀರೋ ಇಲ್ಲವೋ, ಕೊಳ್ಳುವ ಮೊದಲೇ ಯೋಚಿಸಿ. ಆಗುವುದಿಲ್ಲ ಎನಿಸಿದರೆ ಗೋದಾಮು ಕೊಳ್ಳಿ. ಜೋಳದ ಚೀಲಕ್ಕೆ ನಕ್ಷತ್ರವಿಲ್ಲ. ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ. ಕಲಿತದ್ದರಿಂದ ನನಗೇನೂ ಉಪಯೋಗವಾಗಲಿಲ್ಲ.

ಹೋದ ವಾರ ಬಸವನ ಬಾಗೇವಾಡಿಯಿಂದ ಯುವಕರೊಬ್ಬರು ಫೋನ್ ಮಾಡಿದ್ದರು. ಸರ್ಕಾರಿ ನೌಕರಿ, ಉಳಿತಾಯವಿದೆ, ಮುದ್ದೇಬಿಹಾಳದಲ್ಲಿ ಬಾಡಿಗೆಗೆ ಹಾಕಲು ಒಂದು ಮನೆ ಬೇಕು ಎಂದರು. ನಾನು ಹೇಳುವುದನ್ನೆಲ್ಲ ಹೇಳಿದೆ. ಕೊನೆಯ ಮಾತನ್ನೂ ಕೇಳಿದೆ. ಅವರು ಸ್ವಲ್ಪ ನಕ್ಕು, ‘ಅದೆಲ್ಲಾ ಈಗ್ಯಾಕ್ರಿ ಕಾಕಾ’ ಎಂದರು. ಆಮೇಲೆ ಸಂಕೋಚದಿಂದ ಕೇಳಿದರು.

‘ಮತ್ತ, ನಿಮ್ಮ ಮನಿನೂ ಕೊಡೂದೈತಿ ಅಂತ ಯಾರೋ ಅಂದ್ರು. ಖಾಲಿ ಐತೇನ್ರಿ?’

ನಾನು ಕಟ್ಟೆಯ ಮೇಲೆ ಕುಳಿತಿದ್ದೆ. ಬಾಗಿಲು ತೆರೆದಿತ್ತು. ಅಡುಗೆಮನೆಯವರೆಗೂ ಕಾಣುತ್ತಿತ್ತು.

‘ಹೌದ್ರಿ’ ಎಂದೆ. ‘ಖಾಲಿ ಐತಿ.’